ಬೆಳಕಿನ ತಂತಿಯೂ ಸಾರ್ವಜನಿಕ ಧನವೂ

ಊರಿಗೊಂದು ರಸ್ತೆ ಬಂದರೆ ಅದರ ಪ್ರಯೋಜನ ಗಾಡಿಯುಳ್ಳವನಿಗೆ ಮಾತ್ರವಲ್ಲ, ಕಾಲ್ನಡಿಗೆಯವನಿಗೂ ಉಂಟು. ಕಾಸರಗೋಡಿನ ಗುಡ್ಡಗಳ ಮೇಲಕ್ಕೆ ರಸ್ತೆಯನ್ನು ಯಾವ ವರ್ತಕನೂ ಲಾಭಕ್ಕಾಗಿ ಏರಿಸಲಿಲ್ಲ. ಸಾರ್ವಜನಿಕ ಧನವೇ ಅದನ್ನು ಏರಿಸಿತು. ಅಂಚೆಯೂ ವಿದ್ಯುತ್ತೂ ಹಾಗೆಯೇ ಬಂದವು. ಇಂದು ಆ ಸಾಲಿಗೆ ಸೇರಬೇಕಾದ ಇನ್ನೊಂದು ವಸ್ತು ವೇಗದ ಅಂತರಜಾಲ. ಇದಕ್ಕಾಗಿ ಸರಕಾರವೇಕೆ ಹಣ ಹೂಡಬೇಕು, ಆ ಹಣ ಎಲ್ಲಿಂದ ಬರುತ್ತದೆ, ಇದರಲ್ಲಿ ನಮ್ಮ ಕರ್ತವ್ಯವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದರ ಅಗತ್ಯವು ನಮಗೆ ಪುಸ್ತಕದಿಂದ ತಿಳಿದುದಲ್ಲ. 2020ರ ಜೂನ್ 1ರಂದು ಶಾಲೆಯ ಬಾಗಿಲು ಮುಚ್ಚಿದ್ದಂತೆಯೇ ಪಾಠಗಳು ಆರಂಭವಾದವು. ಮಲೆಯಾಳದ ಪಾಠಗಳು ವಿಕ್ಟರ್ಸ್ ವಾಹಿನಿಯ ಮೂಲಕ ಟಿ.ವಿ.ಗೆ ಬಂದವು, ಕನ್ನಡ ಮಾಧ್ಯಮದ ಪಾಠಗಳಿಗೆ ನಾವು ಹೆಚ್ಚಾಗಿ ಯೂಟ್ಯೂಬನ್ನೇ ಆಶ್ರಯಿಸಬೇಕಾಯಿತು. ನಮ್ಮ ಮಕ್ಕಳಲ್ಲಿ ಕೆಲವರು ಮಳೆಗಾಲದಲ್ಲಿ ಕೊಡೆ ಹಿಡಿದು ಗುಡ್ಡದ ತುದಿಗೆ ಹೋಗಿ ಪಾಠ ಕೇಳಿದರು. ಮನೆಯಲ್ಲಿ ಸಂಪರ್ಕವಿಲ್ಲದ ಮಗು ತರಗತಿಯಲ್ಲಿ ಸ್ಥಳವಿಲ್ಲದ ಮಗುವಿನಂತಾಯಿತು.

ಮೊಬೈಲು ಇದ್ದರೆ ಸಾಲದೇ ಎಂದು ರಕ್ಷಕರು ಕೇಳುವುದುಂಟು. ಮೊಬೈಲಿನ ಸಂದೇಶವು ರೇಡಿಯೋ ತರಂಗಗಳಾಗಿ ಸಂಚರಿಸುತ್ತದೆ. ಗುಡ್ಡವು ಅಡ್ಡವಾದರೆ ಅದು ಕುಂದುತ್ತದೆ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲರೂ ಹಂಚಿಕೊಳ್ಳಬೇಕು. ಒಂದೇ ಬಾವಿಯಿಂದ ಊರೆಲ್ಲ ನೀರು ಸೇದಿದಂತೆ, ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ.

ಆಪ್ಟಿಕಲ್ ಫೈಬರ್ ಎಂಬ ಬೆಳಕಿನ ತಂತಿಯ ರೀತಿ ಬೇರೆ. ಅದು ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅತ್ಯಂತ ತ್ವರಿತವಾಗಿ ಮಿನುಗುವ ಬೆಳಕನ್ನು ಅದರ ಒಂದು ತುದಿಯಲ್ಲಿ ಬಿಟ್ಟರೆ, ಹೊರಗೆ ಸೋರದೆ ಒಳಗೊಳಗೇ ಪ್ರತಿಫಲಿಸುತ್ತ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆ ಮಿನುಗುಗಳೇ ನಮ್ಮ ಅಕ್ಷರ, ಚಿತ್ರ, ಧ್ವನಿಗಳ ಸಂಕೇತಗಳು. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಬೆಳಕನ್ನು ಬಹುದೂರ ಒಯ್ಯಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಈ ತಂತಿಯನ್ನು ಎಳೆಯುವ ವೆಚ್ಚವೇ ದೊಡ್ಡದು. ಪಟ್ಟಣದ ಒಂದು ಬೀದಿಯಲ್ಲಿ ನೂರು ಮನೆಗಳಿದ್ದರೆ ಆ ವೆಚ್ಚವು ನೂರು ಪಾಲಾಗುತ್ತದೆ. ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಯಿರುವಲ್ಲಿ ಅದೇ ವೆಚ್ಚವನ್ನು ಮೂರು ನಾಲ್ಕು ಮನೆಗಳು ಹೊರಬೇಕಾಗುತ್ತದೆ. ಲಾಭವನ್ನೇ ನೋಡುವ ಸಂಸ್ಥೆಯು ಅಲ್ಲಿಗೆ ಬಾರದಿದ್ದರೆ ಆಶ್ಚರ್ಯವಿಲ್ಲ. ಈ ಅಂತರವನ್ನು ತುಂಬುವುದಕ್ಕಾಗಿಯೇ ದೂರಸಂಪರ್ಕ ಸಂಸ್ಥೆಗಳ ಆದಾಯದ ಮೇಲೆ ನೂರಕ್ಕೆ 5ರಂತೆ ವಸೂಲು ಮಾಡಿ ಒಂದು ನಿಧಿಯನ್ನು ಕೇಂದ್ರ ಸರಕಾರವು ಸ್ಥಾಪಿಸಿತು. 2023ರ ದೂರಸಂಪರ್ಕ ಕಾನೂನಿನಲ್ಲಿ ಇದಕ್ಕೆ ಡಿಜಿಟಲ್ ಭಾರತ ನಿಧಿಯೆಂದು ಹೆಸರಿಡಲಾಯಿತು. ಪಟ್ಟಣಿಗನು ಫೋನಿಗೆ ತೆರುವ ಹಣದ ಒಂದಂಶ ಗುಡ್ಡದ ಮನೆಯ ತಂತಿಗೆ ಸಲ್ಲಲಿ ಎಂಬುದೇ ಇದರ ತಾತ್ಪರ್ಯ.

ಗ್ರಾಮ ಪಂಚಾಯತುಗಳಿಗೆಲ್ಲ ತಂತಿಯೆಳೆಯುವ ಯೋಜನೆಗೆ 2011ರಲ್ಲಿ ಅನುಮತಿ ದೊರೆಯಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಅದರ ಸುಧಾರಿತ ಯೋಜನೆಗೆ 2023ರಲ್ಲಿ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಹಿಂದೆ ತಂತಿಯನ್ನು ನೇರವಾಗಿ ಒಂದೂರಿನಿಂದ ಮುಂದಿನೂರಿಗೆ ಎಳೆದಿದ್ದರು. ನಡುವೆ ಎಲ್ಲಿಯಾದರೂ ಕಡಿದರೆ ಆಚೆಯವರಿಗೆಲ್ಲ ಸಂಪರ್ಕ ನಿಲ್ಲುತ್ತಿತ್ತು. ಹೊಸ ಯೋಜನೆಯಲ್ಲಿ ತಂತಿಯು ಬಳೆಯಂತೆ ಸುತ್ತಿ ಬರುತ್ತದೆ. ಒಂದು ಕಡೆ ಕಡಿದರೂ ಸಂದೇಶವು ಇನ್ನೊಂದು ಕಡೆಯಿಂದ ತಲಪುತ್ತದೆ.

ಕೇರಳ ಸರಕಾರವು ಸ್ವಂತವಾಗಿ ಕೆ-ಫೋನ್ ಯೋಜನೆಯನ್ನು ಕೈಗೊಂಡು 2023ರ ಜೂನ್ 5ರಂದು ಉದ್ಘಾಟಿಸಿತು. ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿದುದರಿಂದ ನೆಲವಗೆಯುವ ಶ್ರಮ ಬಹಳಷ್ಟು ಉಳಿಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವೆಂಬುದು ಅದರ ಗುರಿ. ಆದರೆ ಮೊದಲ ಹಂತಕ್ಕೆ ಗೊತ್ತುಮಾಡಿದುದು ವಿಧಾನಸಭಾ ಕ್ಷೇತ್ರವೊಂದಕ್ಕೆ 100 ಮನೆಗಳಂತೆ 14,000. ಐದು ಕ್ಷೇತ್ರಗಳುಳ್ಳ ನಮ್ಮ ಜಿಲ್ಲೆಗೆ ಆ ಲೆಕ್ಕದಲ್ಲಿ ಬಂದುದು 500 ಮಾತ್ರ. ಗುರಿಗೂ ಮೊದಲ ಹೆಜ್ಜೆಗೂ ಇರುವ ಈ ಅಂತರವನ್ನು ಕಂಡು ನಿರಾಶರಾಗಬೇಕಿಲ್ಲ, ಕಾಣದಂತೆಯೂ ಇರಬಾರದು. ಪಂಚಾಯತಿನ ಬಾಗಿಲಿಗೆ ಬಂದ ತಂತಿ ಬಡವನ ಜಗಲಿಗೆ ಬರುವ ತನಕ ಕಾರ್ಯ ಪೂರ್ಣವಾಗದು.

ಆದುದರಿಂದ ರಕ್ಷಕರಲ್ಲಿ ನಮ್ಮ ವಿನಂತಿಯಿಷ್ಟು: ವಾರ್ಡಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ತಂತಿ ಎಲ್ಲಿಯವರೆಗೆ ಬಂದಿದೆ, ಯಾವ ಮನೆಗಳ ಹೆಸರು ಪಟ್ಟಿಯಲ್ಲಿದೆ ಎಂದು ಕೇಳಿರಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಆ ಹಕ್ಕನ್ನು ಕೇರಳದ 1969ರ ರಾಜಭಾಷಾ ಕಾನೂನೇ ನಮಗೆ ಕೊಟ್ಟಿದೆ.

ವಿದ್ಯಾರ್ಥಿಗಳೇ, ತಂತಿಗೆ ತನ್ನದೆಂಬ ಭಾಷೆಯಿಲ್ಲ. ನಾವು ಕೇಳಿದುದನ್ನು ಅದು ತರುತ್ತದೆ. ಆಟವನ್ನೇ ಕೇಳಿದರೆ ಆಟವನ್ನೇ ತಂದೀತು. ಗಡಿಯ ಈಚೆಯಲ್ಲಿರುವ ನಮಗೆ ದೊಡ್ಡ ಕನ್ನಡ ಗ್ರಂಥಾಲಯಗಳು ದೂರ. ಕನ್ನಡ ವಿಕಿಪೀಡಿಯವೂ ಕಣಜವೂ ಅದೇ ತಂತಿಯಲ್ಲಿ ಮನೆಗೆ ಬರಬಲ್ಲವು. ಓದುವುದರೊಡನೆ ನಿಮ್ಮೂರಿನ ವಿಷಯವಾಗಿ ನಾಲ್ಕು ಸಾಲು ಬರೆದು ಅಲ್ಲಿ ಸೇರಿಸುವಷ್ಟು ಬಲ್ಲವರಾಗಿರಿ. ಸಮಾಜದ ಹಣದಿಂದ ಬಂದ ಸೌಕರ್ಯಕ್ಕೆ ವಿದ್ಯಾರ್ಥಿಯು ಸಲ್ಲಿಸಬಹುದಾದ ಬಾಡಿಗೆ ಇದೊಂದೇ.