ಅಪಘಾತಕ್ಕೀಡಾದ ಕಾರಿನ ಮರುಮಾರಾಟ ಮೌಲ್ಯದ ನಷ್ಟಕ್ಕೆ ಪರಿಹಾರ ಪಡೆಯುವ ಕ್ರಮ

(ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

ಪೀಠಿಕೆ

ಅಪಘಾತದಲ್ಲಿ ಜಖಂಗೊಂಡ ಕಾರನ್ನು ಎಷ್ಟೇ ಸಮರ್ಪಕವಾಗಿ ದುರಸ್ತಿ ಮಾಡಿಸಿದರೂ, ಅಪಘಾತ ಕಾಣದ ಅದೇ ಮಾದರಿಯ, ಅದೇ ವರ್ಷದ ಕಾರಿಗೆ ದೊರೆಯುವ ಬೆಲೆಯು ಅದಕ್ಕೆ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಈ ವ್ಯತ್ಯಾಸವೇ ಮರುಮಾರಾಟ ಮೌಲ್ಯದ ನಷ್ಟ. ಬಹುತೇಕ ಮಾಲೀಕರಿಗೆ ಈ ನಷ್ಟವು ಅರಿವಿಗೆ ಬರುವುದು ಕೆಲವು ವರ್ಷಗಳ ನಂತರ ಕಾರನ್ನು ಮಾರಲು ಹೊರಟಾಗ. ಆದರೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುವ ಕಾಲಮಿತಿಯು ಅಪಘಾತ ನಡೆದ ದಿನದಿಂದಲೇ ಆರಂಭವಾಗುತ್ತದೆ. ಆದುದರಿಂದ ಕಾರನ್ನು ಮಾರುವ ಉದ್ದೇಶ ಸದ್ಯಕ್ಕೆ ಇಲ್ಲದಿದ್ದರೂ ಮಾಲೀಕರು ಈ ಕೆಳಕಂಡ ವಿಷಯಗಳನ್ನು ಗಮನಿಸುವುದು ಅಗತ್ಯ.

1. ಸ್ವಂತ ವಿಮಾ ಪಾಲಿಸಿಯಲ್ಲಿ ಈ ನಷ್ಟ ಸೇರಿರುವುದಿಲ್ಲ

ಸಮಗ್ರ ವಿಮಾ ಪಾಲಿಸಿಯ ಸ್ವಂತ ಹಾನಿ ಭಾಗದಡಿ ದುರಸ್ತಿ ವೆಚ್ಚವು ಮಾತ್ರ ದೊರೆಯುತ್ತದೆ. ಸವಕಳಿ ಹಾಗೂ ಪರಿಣಾಮಜನ್ಯ ನಷ್ಟಗಳನ್ನು ಪಾಲಿಸಿಯ ಷರತ್ತುಗಳಲ್ಲಿ ಸ್ಪಷ್ಟವಾಗಿ ಹೊರಗಿಡಲಾಗಿರುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳು, ಟೈರು ಮತ್ತು ಬ್ಯಾಟರಿಗಳ ಬೆಲೆಯಲ್ಲಿ ಶೇ. 50ರಷ್ಟು, ಫೈಬರ್ ಗ್ಲಾಸ್ ಭಾಗಗಳಲ್ಲಿ ಶೇ. 30ರಷ್ಟು ಮತ್ತು ಲೋಹದ ಭಾಗಗಳಲ್ಲಿ ಕಾರಿನ ವಯಸ್ಸಿಗನುಗುಣವಾಗಿ ಸವಕಳಿಯನ್ನು ಕಳೆಯಲಾಗುತ್ತದೆ. ಇದಲ್ಲದೆ 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ರೂ. 1,000/- ಹಾಗೂ ಅದಕ್ಕೂ ಮೇಲ್ಪಟ್ಟ ಕಾರಿಗೆ ರೂ. 2,000/- ಕಡ್ಡಾಯ ಕಡಿತವಿರುತ್ತದೆ.

"ಜೀರೋ ಡೆಪ್ರಿಸಿಯೇಷನ್" ಸೌಲಭ್ಯವನ್ನು ಪಡೆದಿರುವವರು ಮರುಮಾರಾಟ ಮೌಲ್ಯದ ನಷ್ಟವೂ ಅದರಲ್ಲಿ ಸೇರಿದೆಯೆಂದು ಭಾವಿಸುವುದುಂಟು. ಇದು ಸರಿಯಲ್ಲ. ಸದರಿ ಸೌಲಭ್ಯವು ಬದಲಾಯಿಸಿದ ಬಿಡಿಭಾಗಗಳ ಸವಕಳಿಯನ್ನು ಮಾತ್ರ ತುಂಬಿಕೊಡುತ್ತದೆ. "ರಿಟರ್ನ್ ಟು ಇನ್‌ವಾಯ್ಸ್" ಸೌಲಭ್ಯವು ಕಾರು ಕಳುವಾದಾಗ ಅಥವಾ ಸಂಪೂರ್ಣ ನಷ್ಟವೆಂದು ಪರಿಗಣಿಸಲ್ಪಟ್ಟಾಗ ಮಾತ್ರ ಅನ್ವಯವಾಗುತ್ತದೆ. ದುರಸ್ತಿಯಾಗಿ ಮರಳಿದ ಕಾರಿಗೆ ಅನ್ವಯವಾಗುವುದಿಲ್ಲ.

2. ಯಾರಿಂದ ಪರಿಹಾರ ಕೋರಬಹುದು

ಅಪಘಾತವು ಎದುರು ವಾಹನದ ಚಾಲಕನ ನಿರ್ಲಕ್ಷ್ಯದಿಂದ ಸಂಭವಿಸಿದ್ದಲ್ಲಿ, ಜಖಂಗೊಂಡ ಕಾರಿನ ಮಾಲೀಕರು ಆ ವಾಹನದ ವಿಮಾ ಪಾಲಿಸಿಯ ದೃಷ್ಟಿಯಲ್ಲಿ ಮೂರನೇ ವ್ಯಕ್ತಿಯಾಗುತ್ತಾರೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 165ರಂತೆ ಮೂರನೇ ವ್ಯಕ್ತಿಯ ಆಸ್ತಿಗೆ ಉಂಟಾದ ಹಾನಿಯ ಕುರಿತ ಅರ್ಜಿಗಳನ್ನೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ವಿಚಾರಣೆ ಮಾಡುತ್ತದೆ. ಯಾರೂ ಗಾಯಗೊಂಡಿರಬೇಕೆಂಬ ನಿಯಮವಿಲ್ಲ. ಆಸ್ತಿ ಹಾನಿಯ ಮೊತ್ತವು ರೂ. 2,000/- ಮೀರಿದ್ದಲ್ಲಿ ಅರ್ಜಿದಾರರು ತಮ್ಮ ಇಚ್ಛೆಯಂತೆ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು.

ಅರ್ಜಿಯಲ್ಲಿ ಎದುರು ವಾಹನದ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿಯನ್ನು ಎದುರುದಾರರನ್ನಾಗಿ ಸೇರಿಸತಕ್ಕದ್ದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೇ ವ್ಯಕ್ತಿಯ ಆಸ್ತಿ ಹಾನಿಗೆ ಸಾಮಾನ್ಯವಾಗಿ ರೂ. 7,50,000/- ಮಿತಿಯಿರುತ್ತದೆ. ಆದರೆ ಪ್ರೀಮಿಯಂ ರಿಯಾಯಿತಿ ಪಡೆದು ಈ ಮಿತಿಯನ್ನು ರೂ. 6,000/-ಕ್ಕೆ ಇಳಿಸಿಕೊಂಡ ಪಾಲಿಸಿಗಳೂ ಇರುತ್ತವೆ. ಅಂತಹ ಸಂದರ್ಭದಲ್ಲಿ ಉಳಿದ ಮೊತ್ತವನ್ನು ವಾಹನದ ಮಾಲೀಕ ಮತ್ತು ಚಾಲಕರಿಂದಲೇ ವಸೂಲು ಮಾಡಬೇಕಾಗುತ್ತದೆ.

ಎದುರು ವಾಹನದ ವಿಮಾ ವಿವರ ತಿಳಿಯದಿದ್ದಲ್ಲಿ, ಕಾಯ್ದೆಯ ಕಲಂ 160ರಂತೆ ನೋಂದಣಿ ಪ್ರಾಧಿಕಾರ ಅಥವಾ ಸಂಬಂಧಪಟ್ಟ ಪೊಲೀಸ್ ಠಾಣೆಯಿಂದ ನಿಗದಿತ ಶುಲ್ಕ ಪಾವತಿಸಿ ಪಡೆಯಲು ಅವಕಾಶವಿದೆ. ಕೆಎ-65 ಸಂಖ್ಯೆಯ ವಾಹನಗಳಿಗೆ ದಾಂಡೇಲಿಯ ಸಾರಿಗೆ ಕಛೇರಿಯು ನೋಂದಣಿ ಪ್ರಾಧಿಕಾರವಾಗಿರುತ್ತದೆ.

3. ಕಾಲಮಿತಿ ಮತ್ತು ಅರ್ಜಿ ಸಲ್ಲಿಸುವ ಸ್ಥಳ

2019ರ ತಿದ್ದುಪಡಿಯಂತೆ, ದಿನಾಂಕ 1-4-2022ರಿಂದ ಜಾರಿಗೆ ಬಂದ ಕಲಂ 166(3)ರ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಈ ಕಾಲಮಿತಿಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆ. ಆದರೂ ಅದನ್ನು ನೆಚ್ಚಿ ವಿಳಂಬ ಮಾಡುವುದು ಯುಕ್ತವಲ್ಲ.

ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಇಲ್ಲವೇ ಎದುರುದಾರರು ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದಾದರೊಂದರ ವ್ಯಾಪ್ತಿಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಉದಾಹರಣೆಗೆ, ಮುಂಡಗೋಡದ ನಿವಾಸಿಯ ಕಾರು ಹುಬ್ಬಳ್ಳಿಯಲ್ಲಿ ಅಪಘಾತಕ್ಕೀಡಾಗಿದ್ದರೂ, ಅವರು ಹುಬ್ಬಳ್ಳಿಗೆ ಅಲೆಯದೆ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದಾಗಿದೆ.

4. ನಷ್ಟವನ್ನು ರುಜುವಾತುಪಡಿಸುವ ದಾಖಲೆಗಳು

ಮೌಲ್ಯ ನಷ್ಟವನ್ನು ಲೆಕ್ಕ ಹಾಕಲು ಕಾಯ್ದೆಯಲ್ಲಿ ಯಾವುದೇ ಕೋಷ್ಟಕವಿಲ್ಲ. ಕಲಂ 168ರಂತೆ ನ್ಯಾಯಮಂಡಳಿಯು ತನಗೆ ನ್ಯಾಯಯುತವೆಂದು ಕಂಡ ಪರಿಹಾರವನ್ನು ನಿಗದಿಪಡಿಸುತ್ತದೆ. ಆದುದರಿಂದ ಸಾಕ್ಷ್ಯವೇ ಮುಖ್ಯ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1974ರ ಪೇಟನ್ ವಿರುದ್ಧ ಬ್ರೂಕ್ಸ್ ಪ್ರಕರಣದಲ್ಲಿ ಇಂತಹ ನಷ್ಟಕ್ಕೆ ಪರಿಹಾರ ಕೇಳಬಹುದೆಂಬ ತತ್ತ್ವವನ್ನು ಒಪ್ಪಿದರೂ, ಸಾಕ್ಷ್ಯ ಸಾಲದೆಂಬ ಕಾರಣದಿಂದ ಮಾಲೀಕರಿಗೆ ಪರಿಹಾರ ದೊರೆಯಲಿಲ್ಲ. ಮಾಲೀಕರು ಈ ಕೆಳಕಂಡವುಗಳನ್ನು ಸಂಗ್ರಹಿಸಿಡುವುದು ಸೂಕ್ತ:

(ಅ) ಪೊಲೀಸ್ ದೂರಿನ ಸ್ವೀಕೃತಿ ಅಥವಾ ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು ಮತ್ತು ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ.
(ಆ) ದುರಸ್ತಿಗೆ ಮೊದಲು ಮತ್ತು ನಂತರ ತೆಗೆದ ಛಾಯಾಚಿತ್ರಗಳು.
(ಇ) ವಿಮಾ ಸರ್ವೇಯರ್ ವರದಿಯ ಪ್ರತಿ, ಗ್ಯಾರೇಜಿನ ವಿವರವಾದ ಬಿಲ್ಲುಗಳು. ಚಾಸಿಸ್ ಅಥವಾ ಬಾಡಿಯ ಮೂಲ ರಚನೆಗೆ ಪೆಟ್ಟಾಗಿದ್ದಲ್ಲಿ ಬಿಲ್ಲಿನಲ್ಲಿ ಅದು ನಮೂದಾಗಿರಬೇಕು; ಬೆಲೆ ಹೆಚ್ಚಾಗಿ ಇಳಿಯುವುದು ಈ ಕಾರಣದಿಂದಲೇ.
(ಈ) ಅಪಘಾತಕ್ಕೆ ಮೊದಲಿನ ಸ್ಥಿತಿಯನ್ನು ತೋರಿಸುವ ಸರ್ವೀಸ್ ದಾಖಲೆಗಳು.
(ಉ) ದುರಸ್ತಿಯಾದ ಕೂಡಲೇ ಅರ್ಹ ಮೌಲ್ಯಮಾಪಕರಿಂದ ಪಡೆದ ಲಿಖಿತ ಮೌಲ್ಯಮಾಪನ ಹಾಗೂ ಹಳೆಯ ಕಾರುಗಳ ಇಬ್ಬರು ಮೂವರು ವ್ಯಾಪಾರಸ್ಥರ ಲಿಖಿತ ದರಗಳು. ಇವರು ಅಗತ್ಯವಿದ್ದಲ್ಲಿ ಸಾಕ್ಷಿ ನುಡಿಯಲು ಸಿದ್ಧರಿರಬೇಕು.

ಕಲಂ 173(2)ರಂತೆ ವಿವಾದದ ಮೊತ್ತವು ರೂ. 1,00,000/-ಕ್ಕಿಂತ ಕಡಿಮೆಯಿದ್ದಲ್ಲಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಗೆ ಅವಕಾಶವಿಲ್ಲ. ಮೌಲ್ಯ ನಷ್ಟದ ಮೊತ್ತವು ಅನೇಕ ವೇಳೆ ಈ ಮಿತಿಯೊಳಗೆ ಇರುವುದರಿಂದ, ಎಲ್ಲ ದಾಖಲೆಗಳನ್ನೂ ನ್ಯಾಯಮಂಡಳಿಯ ಮುಂದೆಯೇ ಹಾಜರುಪಡಿಸತಕ್ಕದ್ದು.

5. ಲೆಕ್ಕ ಮಾಡುವ ರೀತಿ (ಕಾಲ್ಪನಿಕ ಉದಾಹರಣೆ)

ಅಪಘಾತಕ್ಕೆ ಮೊದಲು ಕಾರಿನ ಮಾರುಕಟ್ಟೆ ಬೆಲೆ ರೂ. 5,00,000/- ಹಾಗೂ ದುರಸ್ತಿಯ ನಂತರದ ಬೆಲೆ ರೂ. 4,30,000/- ಎಂದಿಟ್ಟುಕೊಂಡರೆ ಮೌಲ್ಯ ನಷ್ಟವು ರೂ. 70,000/-. ಅಪಘಾತದಲ್ಲಿ ಕಾರಿನ ಚಾಲಕರ ತಪ್ಪೂ ಶೇ. 25ರಷ್ಟು ಇದೆಯೆಂದು ತೀರ್ಮಾನವಾದಲ್ಲಿ, ದೊರೆಯುವ ಮೊತ್ತವು ರೂ. 52,500/- ಆಗುತ್ತದೆ. ಸ್ವಂತ ವಿಮಾ ಕಂಪನಿ ಭರಿಸಿದ ದುರಸ್ತಿ ವೆಚ್ಚವನ್ನು ಎದುರು ಪಕ್ಷದಿಂದ ಎರಡನೆಯ ಬಾರಿ ಪಡೆಯುವಂತಿಲ್ಲ. ವಿಮೆಯಿಂದ ದೊರೆಯದೆ ಉಳಿದ ಮೊತ್ತವನ್ನು ಮಾತ್ರ ಮೌಲ್ಯ ನಷ್ಟದೊಂದಿಗೆ ಕೇಳಬಹುದು.

6. ರಾಜಿ ಮಾಡಿಕೊಳ್ಳುವಾಗ ಎಚ್ಚರಿಕೆ

ಯಾರಿಗೂ ಗಾಯಗಳಾಗದಿದ್ದಾಗ ಸ್ಥಳದಲ್ಲಿಯೇ ಸ್ವಲ್ಪ ಹಣ ಪಡೆದು ರಾಜಿಪತ್ರ ಬರೆದುಕೊಡುವುದುಂಟು. "ಇನ್ನು ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ" ಎಂದು ಬರೆದುಕೊಟ್ಟಲ್ಲಿ ನಂತರ ಮೌಲ್ಯ ನಷ್ಟವನ್ನು ಕೇಳುವುದು ಕಷ್ಟಸಾಧ್ಯ. ವಿಮಾ ಕಂಪನಿಯ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಪತ್ರಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಪತ್ರವನ್ನು ಪೂರ್ಣವಾಗಿ ಓದಿ, ಮೌಲ್ಯ ನಷ್ಟದ ಹಕ್ಕನ್ನು ಉಳಿಸಿಕೊಂಡಿರುವುದಾಗಿ ನಮೂದಿಸಿದ ನಂತರವೇ ಸಹಿ ಮಾಡುವುದು ಸೂಕ್ತ.

ಪ್ರಕರಣವನ್ನು ಲೋಕ ಅದಾಲತ್‌ನಲ್ಲಿಯೂ ಇತ್ಯರ್ಥಪಡಿಸಿಕೊಳ್ಳಬಹುದು. ಅಲ್ಲಿನ ಆದೇಶವು ಅಂತಿಮವಾಗಿದ್ದು, ಮೇಲ್ಮನವಿ ಇರುವುದಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಮಿತಿಯೊಳಗೆ ಆದಾಯವಿರುವವರು ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರು.

7. ಪರಿಹಾರ ದೊರೆಯದ ಸಂದರ್ಭಗಳು

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾಯುವ ರಸ್ತೆಗಳಲ್ಲಿ ಕಾಡುಕೋಣ, ಜಿಂಕೆ ಮುಂತಾದ ಪ್ರಾಣಿಗಳು ಅಡ್ಡ ಬಂದು ಅಪಘಾತವಾದಲ್ಲಿ, ಅಥವಾ ಕಾರು ತಾನಾಗಿಯೇ ಮರಕ್ಕೆ ಡಿಕ್ಕಿ ಹೊಡೆದಲ್ಲಿ, ಹೊಣೆಗಾರನಾದ ಎದುರು ವಾಹನವೇ ಇರುವುದಿಲ್ಲ. ಆಗ ಸ್ವಂತ ಪಾಲಿಸಿಯಿಂದ ದುರಸ್ತಿ ವೆಚ್ಚ ದೊರೆಯಬಹುದೇ ಹೊರತು ಮೌಲ್ಯ ನಷ್ಟ ದೊರೆಯುವುದಿಲ್ಲ. ಕಾಡಿನ ರಸ್ತೆಗಳಲ್ಲಿ, ವಿಶೇಷವಾಗಿ ರಾತ್ರಿ ವೇಳೆಯಲ್ಲಿ, ನಿಧಾನವಾಗಿ ವಾಹನ ಚಲಾಯಿಸುವುದೊಂದೇ ಈ ನಷ್ಟವನ್ನು ತಪ್ಪಿಸುವ ಮಾರ್ಗ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಭಿನ್ನವಾಗಿರುವುದರಿಂದ ತಮ್ಮ ಪಾಲಿಸಿಯನ್ನು ಪರಿಶೀಲಿಸಿ, ಆರು ತಿಂಗಳ ಅವಧಿ ಮುಗಿಯುವ ಮೊದಲೇ ವಕೀಲರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಸಲಹೆ ಪಡೆಯಲು ಕೋರಲಾಗಿದೆ.