ಕೈ ಬಿಡದ ಡಾರ್ಟ್: ಐದು ಸಲದ ವಿಶ್ವ ಚಾಂಪಿಯನ್ ಎರಿಕ್ ಬ್ರಿಸ್ಟೊಗೆ ಆಗಿದ್ದೇನು?

(ಕೇಳೋಕೆ ಸಮಯ ಇಲ್ಲದವರಿಗಾಗಿ ಈ ಸಂಚಿಕೆಯ ಬರಹ ರೂಪ)

ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಒಬ್ಬ ಆಟಗಾರ ಡಾರ್ಟ್ ಬೋರ್ಡ್ ಮುಂದೆ ನಿಂತಿದ್ದಾನೆ. ವಿಶ್ವ ಚಾಂಪಿಯನ್. ಗುರಿ ಕಾಣ್ತಿದೆ, ಕೈ ಎತ್ತಿದ್ದಾನೆ. ಆದರೆ ಡಾರ್ಟ್ ಕೈ ಬಿಟ್ಟು ಹೋಗ್ತಿಲ್ಲ. ಪೆಟ್ಟಾಗಿಲ್ಲ, ನೋವೂ ಇಲ್ಲ. ಬೆರಳು ಮಾತ್ರ ಬಿಡ್ತಿಲ್ಲ.

ಈ ವಿಷಯ ಆರಿಸಿಕೊಳ್ಳೋಕೆ ನನಗೊಂದು ಸ್ವಂತ ಕಾರಣ ಇದೆ. ಪಿಯುಸಿಯಲ್ಲಿದ್ದಾಗ ನಾನು ಕಾಲೇಜು ಟೀಮಿನಲ್ಲಿ ಲೆಗ್ ಸ್ಪಿನ್ ಹಾಕ್ತಿದ್ದೆ. ಒಂದು ಪಂದ್ಯದಲ್ಲಿ ಇದ್ದಕ್ಕಿದ್ದಂತೆ ಚೆಂಡು ಕೈ ಬಿಡೋದೇ ನಿಂತುಹೋಯ್ತು. ಒಂದು ನನ್ನ ಕಾಲ ಹತ್ತಿರ ಬಿತ್ತು, ಇನ್ನೊಂದು ಕೀಪರ್ ತಲೆ ಮೇಲೆ ಹೋಯ್ತು. ಎಲ್ಲರೂ ನಕ್ಕರು. "ಧೈರ್ಯ ಸಾಲದು ನಿನಗೆ" ಅಂದ್ರು ನಮ್ಮ ಕೋಚ್. ಅದಾದ ಮೇಲೆ ನಾನು ಬೌಲಿಂಗ್ ಮಾಡಲಿಲ್ಲ. ಇದಕ್ಕೊಂದು ಹೆಸರಿದೆ ಅಂತ ತಿಳಿದಿದ್ದು ಎಷ್ಟೋ ವರ್ಷಗಳ ನಂತರ, ಎರಿಕ್ ಬ್ರಿಸ್ಟೊ ಬಗ್ಗೆ ಓದುವಾಗ.

ಮೊದಲು ಆಟ ಏನು ಅಂತ ನೋಡೋಣ. ಆಟಗಾರ ನಿಲ್ಲೋ ಗೆರೆಯಿಂದ ಬೋರ್ಡ್‌ಗೆ 2.37 ಮೀಟರ್ ದೂರ. ಪ್ರತಿ ಸರದಿಗೆ ಮೂರು ಡಾರ್ಟ್. 501ರಿಂದ ಶುರು ಮಾಡಿ, ಹೊಡೆದ ಅಂಕ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು. ಕೊನೆಯ ಡಾರ್ಟ್ 'ಡಬಲ್'ಗೇ ಬೀಳಬೇಕು. ಡಬಲ್ ಅಂದ್ರೆ ಹೊರಅಂಚಿನಲ್ಲಿರೋ, ಸುಮಾರು 8 ಮಿಲಿಮೀಟರ್ ಅಗಲದ ಪಟ್ಟಿ. ಇನ್ನೊಂದು ತಮಾಷೆ ನೋಡಿ: ಎಲ್ಲರೂ ಗುರಿಯಿಡೋ 20ರ ಒಂದು ಪಕ್ಕ 1, ಇನ್ನೊಂದು ಪಕ್ಕ 5. ಸ್ವಲ್ಪ ತಪ್ಪಿದ್ರೂ ದಂಡ.

ಅಂದ್ರೆ ಇದು ಶಕ್ತಿಯ ಆಟ ಅಲ್ಲ. ಒಂದೇ ಚಲನೆಯನ್ನ ಸಾವಿರಾರು ಸಲ, ಕೂದಲೆಳೆಯಷ್ಟೂ ಬದಲಾಗದ ಹಾಗೆ ಮಾಡೋ ಆಟ. ಕೇರಂನಲ್ಲಿ ಸ್ಟ್ರೈಕರ್ ಹೊಡೆಯುವಾಗ ನಾವು ಬೆರಳಿನ ಬಗ್ಗೆ ಯೋಚನೆ ಮಾಡ್ತೀವಾ? ಇಲ್ಲ. ಯೋಚಿಸಿದ ಕ್ಷಣವೇ ಕೆಡುತ್ತೆ. ಇದನ್ನ ನೆನಪಿಟ್ಟುಕೊಳ್ಳಿ.

ಬ್ರಿಸ್ಟೊ ಹುಟ್ಟಿದ್ದು 1957ರಲ್ಲಿ, ಲಂಡನ್ನಿನ ಹ್ಯಾಕ್ನಿಯಲ್ಲಿ. ಕಿರುಬೆರಳು ಮೇಲೆತ್ತಿಕೊಂಡು ಎಸೆಯೋ ಶೈಲಿ. 1980, 1981, 1984, 1985, 1986ರಲ್ಲಿ ವಿಶ್ವ ಚಾಂಪಿಯನ್. ಪಬ್‌ಗಳ ಆಟವಾಗಿದ್ದ ಡಾರ್ಟ್ಸ್ ಟಿವಿಯಲ್ಲಿ ಮನೆಮಾತಾದ ಕಾಲ ಅದು. ಅದರ ದೊಡ್ಡ ತಾರೆ ಇವರು.

ಆತ್ಮವಿಶ್ವಾಸ ಎಷ್ಟಿತ್ತು ಅಂದ್ರೆ, 1983ರ ಫೈನಲ್ ನೋಡಿ. ಎದುರಾಳಿ ಕೀತ್ ಡೆಲ್ಲರ್, ಅರ್ಹತಾ ಸುತ್ತಿನಿಂದ ಬಂದ ಹುಡುಗ. ಬ್ರಿಸ್ಟೊಗೆ 50 ಉಳಿದಿತ್ತು. ಬೋರ್ಡ್ ಮಧ್ಯದ ಬುಲ್‌ಗೆ ಹೊಡೆದಿದ್ರೆ ಆ ಲೆಗ್ ಅವರದ್ದೇ. ಆದರೆ ಡೆಲ್ಲರ್‌ಗೆ ಇನ್ನೂ 138 ಬೇಕಿತ್ತು. ಈ ಹುಡುಗನ ಕೈಲಿ ಮೂರು ಡಾರ್ಟ್‌ನಲ್ಲಿ ಅಷ್ಟು ಆಗಲ್ಲ ಅಂತ ಬ್ರಿಸ್ಟೊ ಬುಲ್ ಬಿಟ್ಟು, ಮುಂದಿನ ಸರದಿಗೆ ಸುಲಭವಾಗಲಿ ಅಂತ 18 ಹೊಡೆದು 32 ಉಳಿಸಿಕೊಂಡರು. ಡೆಲ್ಲರ್ ಬಂದು ಮೂರೇ ಡಾರ್ಟ್‌ನಲ್ಲಿ 60, 54, 24 ಹೊಡೆದು ಪ್ರಶಸ್ತಿಯನ್ನೇ ಕೊಂಡೊಯ್ದರು!

ಆ ಸೋಲು ಬ್ರಿಸ್ಟೊ ಅವರನ್ನ ಕುಗ್ಗಿಸಲಿಲ್ಲ. ಮುಂದಿನ ಮೂರು ವರ್ಷ ಸತತವಾಗಿ ಅವರೇ ಗೆದ್ದರು. ಕುಗ್ಗಿಸಿದ್ದು ಬೇರೆ. 1986ರ ಕೊನೆಯ ಹೊತ್ತಿಗೆ, 30 ವರ್ಷ ತುಂಬೋ ಮೊದಲೇ, ಡಾರ್ಟ್ ಕೈ ಬಿಡೋದು ನಿಂತುಹೋಯ್ತು. ಇದನ್ನ ಆಟಗಾರರು 'ಡಾರ್ಟೈಟಿಸ್' ಅಂತಾರೆ. ಗಾಲ್ಫ್ ಮತ್ತು ಕ್ರಿಕೆಟ್‌ನಲ್ಲಿ ಇದರ ಹೆಸರು 'ಯಿಪ್ಸ್'. 2001ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಒಂದು ಫೈನಲ್‌ನಲ್ಲಿ ಲೀಸ್ಟರ್‌ಶೈರ್‌ನ ಸ್ಕಾಟ್ ಬಾಸ್ವೆಲ್ ಒಂದು ಓವರ್ ಮುಗಿಸೋಕೆ 14 ಎಸೆತ ಹಾಕಿದ್ರು, ಅದರಲ್ಲಿ 8 ವೈಡ್. ಅದೇ ಕಾಯಿಲೆ.

ಇದು ಬರೀ ಭಯಾನಾ? ಅಷ್ಟು ಸರಳ ಅಲ್ಲ. ಕೆಲವರಲ್ಲಿ ಇದು ನರಗಳ ತೊಂದರೆ. ತುಂಬಾ ಬರೆಯೋರಿಗೆ ಪೆನ್ನು ಹಿಡಿದಾಗ ಮಾತ್ರ ಕೈ ಸೆಟೆದುಕೊಳ್ಳುತ್ತಲ್ಲ, ಹಾಗೆ. ಬೇರೆ ಕೆಲಸಕ್ಕೆ ಅದೇ ಕೈ ಚೆನ್ನಾಗೇ ಇರುತ್ತೆ. ಇನ್ನು ಕೆಲವರಲ್ಲಿ ಒತ್ತಡ, ಆತಂಕ. ಅಭ್ಯಾಸಬಲದಿಂದ ತಾನಾಗೇ ಆಗ್ತಿದ್ದ ಚಲನೆಗೆ ಮನಸ್ಸು ಮಧ್ಯೆ ಕೈ ಹಾಕುತ್ತೆ. ಹಲವರಲ್ಲಿ ಎರಡೂ ಬೆರೆತಿರುತ್ತೆ. ಹಾಗಾಗಿ "ಧೈರ್ಯ ತಗೋ" ಅನ್ನೋದು ಔಷಧಿ ಆಗಲ್ಲ.

ಹಾಗಂತ ಬ್ರಿಸ್ಟೊ ಮನೆಗೆ ಹೋಗಿ ಕೂರಲಿಲ್ಲ. ಆ ಕೈಯಲ್ಲೇ 1987, 1989, 1990 ಮತ್ತು 1991ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತಲುಪಿದರು. ಆದರೆ ಒಂದನ್ನೂ ಗೆಲ್ಲಲಿಲ್ಲ.

ಕಥೆ ತಿರುಗೋದು ಇಲ್ಲೇ. ಆ ಕಷ್ಟದ ಕಾಲದಲ್ಲೇ, ಕುಂಬಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ಊರಿನಲ್ಲಿ ಬ್ರಿಸ್ಟೊಗೆ ಒಬ್ಬ ಹೊಸಬ ಸಿಕ್ಕ. ಹೆಸರು ಫಿಲ್ ಟೇಲರ್. ಪಿಂಗಾಣಿ ಹಿಡಿಕೆ ಮಾಡೋ ಕಾರ್ಖಾನೆಯಲ್ಲಿ ವಾರಕ್ಕೆ 52 ಪೌಂಡ್ ಸಂಬಳ. ಬ್ರಿಸ್ಟೊ ಅವರಿಗೆ ಸುಮಾರು 10 ಸಾವಿರ ಪೌಂಡ್ ಸಾಲ ಕೊಟ್ಟು, ಕೆಲಸ ಬಿಡಿಸಿ, ಡಾರ್ಟ್ಸ್‌ಗೇ ಕೂರಿಸಿದರು. ಮುದ್ದು ಮಾಡೋ ಗುರು ಅಲ್ಲ, ಬೈದು ಕಲಿಸೋ ಗುರು.

1990ರ ಫೈನಲ್‌ನಲ್ಲಿ ಗುರು-ಶಿಷ್ಯರೇ ಎದುರಾದರು. ಟೇಲರ್‌ಗೆ ಶ್ರೇಯಾಂಕವೇ ಇರಲಿಲ್ಲ. ಆದರೂ 6-1ರಿಂದ ಗುರುವನ್ನ ಸೋಲಿಸಿದರು. ಬಹುಮಾನ 24 ಸಾವಿರ ಪೌಂಡ್. ತಾನೇ ಕೊಟ್ಟ ದುಡ್ಡಲ್ಲಿ ಬೆಳೆದವನ ಕೈಲಿ ಸೋಲೋದು ಹೇಗಿರುತ್ತೆ, ಯೋಚಿಸಿ. ಬ್ರಿಸ್ಟೊ ಅವರ ಕೊನೆಯ ವಿಶ್ವ ಫೈನಲ್ ಮರುವರ್ಷ, 1991ರಲ್ಲಿ. 1997ರ ಸೆಮಿಫೈನಲ್‌ನಲ್ಲಿ ಇಬ್ಬರೂ ಮತ್ತೆ ಎದುರಾದಾಗ ಟೇಲರ್ ಗೆದ್ದಿದ್ದು 5-4ರಿಂದ, ಕೂದಲೆಳೆಯಲ್ಲಿ. ಟೇಲರ್ ಒಟ್ಟು 16 ಸಲ ವಿಶ್ವ ಚಾಂಪಿಯನ್ ಆದರು, 1995ರಿಂದ 2002ರವರೆಗೆ ಸತತ ಎಂಟು ವರ್ಷ.

ಟೇಲರ್ ತಮ್ಮ ಕೊನೆಯ ಫೈನಲ್ ಆಡಿದ್ದು 2018ರ ಜನವರಿ 1ರಂದು. 7-2ರಿಂದ ಸೋತಿದ್ದು, ಮೊದಲ ಸಲ ಆ ಟೂರ್ನಿ ಆಡಿದ, ಹಿಂದೆ ಎಲೆಕ್ಟ್ರಿಷಿಯನ್ ಆಗಿದ್ದ ರಾಬ್ ಕ್ರಾಸ್ ಎದುರು. ಮೂರೇ ತಿಂಗಳಲ್ಲಿ, ಏಪ್ರಿಲ್ 5ರಂದು, ಲಿವರ್‌ಪೂಲ್‌ನಲ್ಲಿ ಡಾರ್ಟ್ಸ್ ಪಂದ್ಯಗಳ ರಾತ್ರಿಯೇ ಬ್ರಿಸ್ಟೊ ಹೃದಯಾಘಾತದಿಂದ ತೀರಿಕೊಂಡರು. 60 ವರ್ಷ. ಸುದ್ದಿ ಸಭಾಂಗಣಕ್ಕೆ ಮುಟ್ಟಿದಾಗ ಅಭಿಮಾನಿಗಳು ಅವರ ಹೆಸರು ಹಿಡಿದು ಹಾಡಿದರು.

ಈಗಲೂ ಡಾರ್ಟೈಟಿಸ್ ಇದೆ. ಆದರೆ ಅದರ ಬಗ್ಗೆ ಮಾತಾಡೋದು ಬದಲಾಗಿದೆ. 2017ರಲ್ಲಿ ನೆದರ್ಲೆಂಡ್ಸ್‌ನ ಯುವಕ ಬೆರ್ರಿ ವಾನ್ ಪೀರ್ ಟಿವಿ ಪಂದ್ಯದಲ್ಲೇ ಡಾರ್ಟ್ ಬಿಡಲಾಗದೆ ಕಣ್ಣೀರು ಹಾಕಿದಾಗ ಪ್ರೇಕ್ಷಕರು ನಗಲಿಲ್ಲ, ಹುರಿದುಂಬಿಸಿದರು. ಅದೇ ದೇಶದ ಗಿಯಾನ್ ವಾನ್ ವೀನ್‌ಗೂ ಈ ತೊಂದರೆ ಇತ್ತು. ಅದನ್ನ ದಾಟಿ ಬಂದು 2025ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು.

ನನ್ನ ಮಟ್ಟಿಗೆ ಇವತ್ತು ಉಳಿಯೋ ಮಾತು ಇಷ್ಟು. ಅವತ್ತು ಮೈದಾನದಲ್ಲಿ ಯಾರಾದರೂ "ಇದಕ್ಕೊಂದು ಹೆಸರಿದೆ, ದೊಡ್ಡ ಚಾಂಪಿಯನ್‌ಗಳಿಗೂ ಆಗಿದೆ" ಅಂದಿದ್ರೆ ನಾನು ಇನ್ನೊಂದು ಓವರ್ ಹಾಕ್ತಿದ್ದೆನೇನೋ. ನಿಮ್ಮ ಟೀಮಲ್ಲಿ ಯಾರಿಗಾದರೂ ಹೀಗಾಗ್ತಿದ್ರೆ, ನಗೋ ಮುಂಚೆ ಈ ಸಂಚಿಕೆ ಅವರಿಗೆ ಕಳಿಸಿ.