ಫೋಟೊ ಸಾಕ್ಷ್ಯವಾಗುವ ಬಗೆ: ಸಂಗಾತಿಯ ವೀಸಾ ಮತ್ತು ಮದುವೆಯ ಚಿತ್ರಗಳು

ಪರದೇಶದಲ್ಲಿ ನೆಲೆಸಿದ ಗಂಡ ಅಥವಾ ಹೆಂಡತಿಯನ್ನು ಸೇರಿಕೊಳ್ಳಲು ವಲಸೆ ವೀಸಾ ಕೇಳುವವರಿಗೆ ಮದುವೆಯ ಪ್ರಮಾಣಪತ್ರವೊಂದೇ ಸಾಲದು. ಮದುವೆ ಕಾನೂನಿನ ಪ್ರಕಾರ ಆಗಿದೆ ಎಂದಷ್ಟೇ ಆ ಪತ್ರ ಹೇಳುತ್ತದೆ. ಇಬ್ಬರೂ ಬಾಳುವೆ ಮಾಡಲೆಂದೇ ಮದುವೆಯಾದರೇ ಎಂಬುದನ್ನು ಅಧಿಕಾರಿ ಬೇರೆ ದಾಖಲೆಗಳಲ್ಲಿ ಹುಡುಕುತ್ತಾನೆ. ವಲಸೆಗೆಂದೇ ಹೂಡಿದ ಹುಸಿ ಮದುವೆಗಳನ್ನು ತಡೆಯಲು ಅಮೆರಿಕ 1986ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋಗುವ ಸಂಗಾತಿಗೆ ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡ್ ಮಾತ್ರ ಸಿಗುವುದು ಅದರಿಂದಲೇ. ಆಸ್ಟ್ರೇಲಿಯಾ ಹಣಕಾಸು, ಮನೆವಾರ್ತೆ, ಬಂಧುಬಳಗದ ಮನ್ನಣೆ, ಪರಸ್ಪರ ಬದ್ಧತೆ ಎಂಬ ನಾಲ್ಕು ನೆಲೆಗಳಲ್ಲಿ ಸಂಬಂಧವನ್ನು ನೋಡುತ್ತದೆ.

ಗದಗ ಜಿಲ್ಲೆಯ ಶಿಗ್ಲಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಕುಟುಂಬಗಳಿಗೆ ತೊಡಕಾಗುವುದು ಇಲ್ಲಿಯೇ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು ಇಂಥವನ್ನು ಆ ದೇಶಗಳು ಮೊದಲು ಕೇಳುತ್ತವೆ. ಕೂಡುಕುಟುಂಬದಲ್ಲಿ ಮನೆ ಹಿರಿಯರ ಹೆಸರಿನಲ್ಲಿರುತ್ತದೆ. ರಜೆ ಹಾಕಿ ಬಂದ ವರ ಮದುವೆ ಮುಗಿಸಿ ಕೆಲವೇ ವಾರಗಳಲ್ಲಿ ಮರಳಿರುತ್ತಾನೆ. ಕಾಗದಪತ್ರ ಕಡಿಮೆ ಇದ್ದಷ್ಟೂ ಫೋಟೊಗಳ ಮೇಲಿನ ಭಾರ ಹೆಚ್ಚು.

ಫೋಟೊಗಳಿಗೇನೂ ಬರವಿಲ್ಲ. ಅರಿಷಿಣ, ಸುರಗಿ, ಅಕ್ಕಿಕಾಳು ಎಂದು ಆಲ್ಬಮ್ ತುಂಬಿರುತ್ತದೆ. ಆದರೆ ಅವೆಲ್ಲ ಒಂದೆರಡು ದಿನಗಳ ಚಿತ್ರಗಳು. ಕೆನಡಾದ ಅರ್ಜಿಯಲ್ಲಿ ಹೆಚ್ಚೆಂದರೆ 20 ಫೋಟೊಗಳಿಗೆ ಅವಕಾಶ. ಇಂಥ ಮಿತಿ ಇಲ್ಲದ ಕಡೆಯೂ ಅದೇ ಅಳತೆ ಒಳ್ಳೆಯದು. ಮದುವೆಯ ಐದಾರು ಚಿತ್ರ ಸಾಕು: ತಾಳಿ ಕಟ್ಟುವುದು, ಎರಡೂ ಕಡೆಯ ಹಿರಿಯರು ಅಕ್ಕಿಕಾಳು ಹಾಕುವುದು, ಬೀಗರೆಲ್ಲ ಕೂಡಿ ನಿಂತದ್ದು. ಸ್ಟುಡಿಯೊ ಪರದೆಯ ಮುಂದೆ ತೆಗೆಸಿದ ಜೋಡಿಚಿತ್ರ ಎಷ್ಟೇ ಚೆಂದವಿದ್ದರೂ ಸಾಕ್ಷ್ಯವಾಗಿ ಬಡವು, ಅದರಲ್ಲಿ ಊರೂ ಇಲ್ಲ, ಬಳಗವೂ ಇಲ್ಲ. ಉಳಿದ ಜಾಗವೆಲ್ಲ ಮದುವೆಯ ಹಿಂದು ಮುಂದಿನ ದಿನಗಳಿಗೆ ಮೀಸಲಿರಬೇಕು. ನಿಶ್ಚಯದ ದಿನ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೋ ಗದಗಿನ ತ್ರಿಕೂಟೇಶ್ವರಕ್ಕೋ ಹೋದದ್ದು, ಮುಂದಿನ ರಜೆಯ ದೀಪಾವಳಿ, ನಾದಿನಿಯ ಕುಬಸ, ಪಡಸಾಲೆಯಲ್ಲಿ ಎಲ್ಲರೊಡನೆ ಕೂತು ಉಂಡದ್ದು. ಯಾರೋ ಮೊಬೈಲಿನಲ್ಲಿ ಸುಮ್ಮನೆ ತೆಗೆದ ಈ ಚಿತ್ರಗಳನ್ನು ಮನೆಯವರು ಅಳಿಸಿಬಿಡುತ್ತಾರೆ. ಸಂಬಂಧ ಕಾಲದುದ್ದಕ್ಕೂ ನಡೆದು ಬಂದಿದೆ ಎಂದು ತೋರಿಸುವುದು ಮಾತ್ರ ಇವೇ. ದೂರವಿದ್ದ ತಿಂಗಳುಗಳಿಗೆ ವಿಡಿಯೊ ಕರೆಯ ಒಂದೆರಡು ಸ್ಕ್ರೀನ್‌ಶಾಟ್ ಸೇರಿಸಬಹುದು.

ಪ್ರತಿ ಚಿತ್ರದ ಕೆಳಗೆ ತಾರೀಖು, ಸ್ಥಳ, ಎಡದಿಂದ ಬಲಕ್ಕೆ ಇರುವವರ ಹೆಸರು, ಅವರ ನಂಟು ಇಂಗ್ಲಿಷಿನಲ್ಲಿ ಇರಬೇಕು. ಅಡಿಬರಹವಿಲ್ಲದ ಫೋಟೊದಲ್ಲಿ ದೂರದ ಅಧಿಕಾರಿಗೆ ಕಾಣುವುದು ಅಪರಿಚಿತರ ಗುಂಪು ಮಾತ್ರ. ಸಂಬಂಧವನ್ನು ಬಿಡಿಸಿ ಬರೆಯುವುದು ಮುಖ್ಯ: ‘ಅತ್ತೆ’ ಎನ್ನುವ ಬದಲು ‘ವರನ ತಂದೆಯ ತಂಗಿ’. ಇಬ್ಬರೂ ಮೊದಲೇ ಸೋದರಿಕೆಯವರಾಗಿದ್ದರೆ ಅದನ್ನೂ ಮರೆಮಾಚದೆ ಹೇಳಬೇಕು.

ತಾರೀಖಿನ ವಿಷಯದಲ್ಲಿ ವಾಟ್ಸ್‌ಆ್ಯಪ್ ನಂಬಿ ಕೂಡುವಂತಿಲ್ಲ. ಮೊಬೈಲ್ ಕ್ಯಾಮೆರಾ ಚಿತ್ರದೊಳಗೇ ತೆಗೆದ ದಿನ, ಹೊತ್ತು, ಕೆಲವೊಮ್ಮೆ ಸ್ಥಳವನ್ನೂ ದಾಖಲಿಸುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದಾಗ ಆ ಮಾಹಿತಿ ಉದುರಿಹೋಗುತ್ತದೆ. ತೆಗೆದವರಿಂದಲೇ ಮೂಲ ಕಡತ ಪಡೆಯಬೇಕು, ಅಥವಾ ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಬೇಕು. ಮುಖ ಬೆಳ್ಳಗಾಗಿಸುವುದು, ಹಿನ್ನೆಲೆ ಬದಲಿಸುವುದು ಬೇಡ. ತಿದ್ದಿದ ಒಂದು ಚಿತ್ರ ಉಳಿದವುಗಳ ಮೇಲೂ ಅನುಮಾನ ಹುಟ್ಟಿಸುತ್ತದೆ.

ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದರೂ ವೀಸಾ ಬೇಕಾದಾಗಲೇ ಉಪನೋಂದಣಿ ಕಚೇರಿಗೆ ಹೋಗುವವರಿದ್ದಾರೆ. ಆಗ ಮದುವೆಯ ದಿನವೂ ನೋಂದಣಿಯ ದಿನವೂ ಬೇರೆಯಾಗುತ್ತವೆ. ಅಡಿಬರಹ, ಲಗ್ನಪತ್ರಿಕೆ, ಅರ್ಜಿ ಮೂರರಲ್ಲೂ ಮದುವೆಯ ತಾರೀಖು ಒಂದೇ ಇರಬೇಕು. ಲಗ್ನಪತ್ರಿಕೆ ಕನ್ನಡದಲ್ಲಿದ್ದರೆ ಅಮೆರಿಕಕ್ಕೆ ಅದರ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಿದೆ, ತನಗೆ ಎರಡೂ ಭಾಷೆ ಬರುತ್ತವೆ ಎಂದು ಅನುವಾದಕ ದೃಢೀಕರಿಸಿರಬೇಕು.

ಕೊನೆಗೆ ಎಲ್ಲವನ್ನೂ ಕಾಲಕ್ರಮದಲ್ಲಿ, ಪುಟಕ್ಕೆರಡರಂತೆ, ಒಂದೇ ಪಿಡಿಎಫ್ ಮಾಡಬೇಕು. ಅಮೆರಿಕದ ವಲಸೆ ವೀಸಾ ಸಂದರ್ಶನಕ್ಕೆ ಮುಂಬಯಿಗೆ ಹೋಗುವವರು ಅದೇ ಕ್ರಮದ ಮುದ್ರಿತ ಪ್ರತಿಯನ್ನೂ ಒಯ್ಯುವುದು ಲೇಸು. ಯಾವ ಚಿತ್ರ ತೋರಿಸಿ ಕೇಳಿದರೂ ಅದರಲ್ಲಿರುವವರು ಯಾರೆಂದು ಹೇಳಲು ಬರುವಷ್ಟು ಗಂಡನ ಬಳಗ ಹೆಂಡತಿಗೂ ಹೆಂಡತಿಯ ಬಳಗ ಗಂಡನಿಗೂ ಪರಿಚಯವಿರಬೇಕು.